ಶುಗರ್, ಮರೆವು, ಮೆದುಳಿನೊಳಗಿನ ಕಬ್ಬಿಣ: ಬಳ್ಳಾರಿ ಸೀಮೆಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಶುಗರ್ ಇದ್ದವರ ಮೆದುಳಿನ ಕೆಲವು ಭಾಗಗಳಲ್ಲಿ ಕಬ್ಬಿಣ ಜಾಸ್ತಿ ಸೇರುತ್ತದೆ, ಅದಕ್ಕೂ ಮರೆವಿಗೂ ನಂಟು ಇರುವಂತೆ ಕಾಣುತ್ತದೆ ಎಂದು ಒಂದು ಸಂಜೆ ಮಾತಿನಲ್ಲಿ ಹೇಳಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು, "ಬಳ್ಳಾರಿಯವರ ತಲೆಯಾಗ ಕಬ್ಬಿಣ ಇರದೆ ಮತ್ತೇನಿರ್ತದ್ರೀ? ಬಂಗಾರ ಏನಿದ್ರೂ ಹಟ್ಟಿಯವರ ತಲೆಯಾಗ" ಅಂದರು. ಎಲ್ಲರೂ ನಕ್ಕರು. ಆವತ್ತು ಶುರುವಾದ ಪ್ರಶ್ನೆಗಳು ಇನ್ನೂ ನಿಂತಿಲ್ಲ. ಓಪಿಡಿಯಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ವಾಟ್ಸಾಪಿನಲ್ಲಿ, ಕೊಪ್ಪಳ-ರಾಯಚೂರು ಕಡೆಯಿಂದ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಬಂದವನ್ನು ಇಲ್ಲಿ ಸೇರಿಸಿದ್ದೇನೆ. ಓದಿ, ಆದರೆ ಇದನ್ನು ನೋಡಿ ನೀವಾಗೇ ಯಾವ ಮಾತ್ರೆಯನ್ನೂ ಬಿಡಬೇಡಿ, ಶುರುವೂ ಮಾಡಬೇಡಿ.

## ಮೊದಲು ಕೇಳುವ ಪ್ರಶ್ನೆಗಳು

ಮೆದುಳಿನಾಗ ಕಬ್ಬಿಣ ಅಂದ್ರ ಏನ್ರೀ? ಮೊಳೆ, ತಗಡು ಇದ್ದಂಗ ಇರ್ತದಾ?

ಇಲ್ಲ. ಕಣ್ಣಿಗೆ ಕಾಣುವ ಲೋಹವಾಗಿ ಅಲ್ಲಿ ಏನೂ ಇರುವುದಿಲ್ಲ. ಒಂದೊಂದೇ ಕಣವಾಗಿ, ಯಾವುದಾದರೂ ಪ್ರೋಟೀನಿನ ಮಡಿಲಲ್ಲಿ ಕೂತಿರುತ್ತದೆ. ದೊಡ್ಡವರ ಇಡೀ ಮೈಯಲ್ಲಿರುವ ಕಬ್ಬಿಣವನ್ನೆಲ್ಲ ಒಟ್ಟು ಮಾಡಿದರೂ 3ರಿಂದ 4 ಗ್ರಾಂ. ಒಂದು ಮೊಳೆ ಆದೀತು ಅಷ್ಟೇ. ಅದರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ರಕ್ತದ ಹಿಮೋಗ್ಲೋಬಿನ್‌ನಲ್ಲೇ ಇರುತ್ತದೆ. ಮೆದುಳಿನ ಪಾಲು ತೀರಾ ಚಿಕ್ಕದು.

ಚಿಕ್ಕದಾದರೂ ಅದಿಲ್ಲದೆ ಮೆದುಳು ನಡೆಯುವುದಿಲ್ಲ. ವೈರಿನ ಮೇಲೆ ಪ್ಲಾಸ್ಟಿಕ್ ಇರುವಂತೆ ನರಗಳ ಮೇಲೆ ಒಂದು ಕೊಬ್ಬಿನ ಹೊದಿಕೆ ಇರುತ್ತದೆ. ಅದನ್ನು ಕಟ್ಟಲು ಕಬ್ಬಿಣ ಬೇಕು. ಮೆದುಳಿನ ಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮಿನ್ ತಯಾರಾಗಲು ಬೇಕು. ಜೀವಕೋಶ ಶಕ್ತಿ ತೆಗೆಯಲೂ ಬೇಕು. 1958ರಲ್ಲೇ ಸ್ವೀಡನ್ನಿನ ಹಾಲ್‌ಗ್ರೆನ್ ಮತ್ತು ಸೌರಾಂಡರ್, ತೀರಿಹೋದವರ ಮೆದುಳುಗಳಲ್ಲಿ ಕಬ್ಬಿಣ ಎಷ್ಟಿದೆ ಎಂದು ಭಾಗ ಭಾಗವಾಗಿ ಅಳೆದರು. ಹುಟ್ಟಿದ ಮಗುವಿನಲ್ಲಿ ಬಹಳ ಕಡಿಮೆ. ಮೊದಲ ಇಪ್ಪತ್ತು ಮೂವತ್ತು ವರ್ಷ ಸರಸರ ಏರುತ್ತದೆ, ಆಮೇಲೆ ನಿಧಾನ. ಮೆದುಳಿನ ಆಳದಲ್ಲಿರುವ ಗ್ಲೋಬಸ್ ಪ್ಯಾಲಿಡಸ್ ಎಂಬ ಭಾಗದಲ್ಲಿ 100 ಗ್ರಾಂಗೆ ಸುಮಾರು 21 ಮಿಲಿಗ್ರಾಂ ಸಿಕ್ಕಿತು. ಅಂದರೆ ವಯಸ್ಸಾದಂತೆ ಮೆದುಳಿನಲ್ಲಿ ಕಬ್ಬಿಣ ಏರುವುದು ಎಲ್ಲರ ಕಥೆ. ಕೆಲವರಲ್ಲಿ, ಕೆಲವು ಜಾಗಗಳಲ್ಲಿ, ವಯಸ್ಸಿಗೆ ಮೀರಿ ಏರುತ್ತದೆ. ನಮ್ಮ ಪ್ರಶ್ನೆ ಅವರದು.

ಸಂಡೂರು ಕಡೆ ಅದಿರು ಧೂಳು ಕುಡಿದೇ ಬೆಳೆದವರು ನಾವು. ಅದೇ ತಲೆಗೆ ಏರಿದೆಯಾ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮುಂಚಿನ ದಿನಗಳನ್ನು ನೋಡಿದವರಿಗೆ ಈ ಭಯ ಏಕೆ ಬರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಲಾರಿ ಸಾಲು, ಕೆಂಪಾದ ಬೇವಿನ ಎಲೆ, ಒಗೆದು ಹಾಕಿದ ಪಂಚೆ ಸಂಜೆಗೆ ಕೆಂಪು.

ನಮ್ಮ ಅದಿರು ಹೆಮಟೈಟ್, ಅಂದರೆ ಒಂದು ಬಗೆಯ ತುಕ್ಕು. ಕಲ್ಲು ಒಡೆದಾಗ, ಲಾರಿ ಓಡಿದಾಗ ಏಳುವ ಧೂಳಿನ ಹೆಚ್ಚಿನ ಭಾಗ ದಪ್ಪ ಕಣ. ಮೂಗು, ಗಂಟಲಿನಲ್ಲೇ ಸಿಕ್ಕಿಕೊಂಡು ಸಿಂಬಳ, ಕಫದಲ್ಲಿ ಹೊರಬೀಳುತ್ತದೆ. ಸಣ್ಣದು ಶ್ವಾಸಕೋಶಕ್ಕೆ ಇಳಿದು ಅಲ್ಲೇ ಕೂರುತ್ತದೆ. ವೆಲ್ಡಿಂಗ್ ಮಾಡುವವರಲ್ಲೂ ಇದನ್ನು ನೋಡುತ್ತೇವೆ, ಸಿಡೆರೋಸಿಸ್ ಅನ್ನುತ್ತಾರೆ. ಅಲ್ಲಿಂದ ಕರಗಿ ರಕ್ತಕ್ಕೆ ಬಂದು ಮೆದುಳು ಸೇರುವುದು ಸುಲಭವಲ್ಲ.

ಹಾಗಂತ ಗಾಳಿಗೆ ಪೂರ್ತಿ ಕ್ಲೀನ್ ಚಿಟ್ ಕೊಡಲಾರೆ. 2016ರಲ್ಲಿ ಮೆಕ್ಸಿಕೋ ಸಿಟಿ ಮತ್ತು ಮ್ಯಾಂಚೆಸ್ಟರ್‌ನ 37 ಜನರ ಮೆದುಳಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅತಿ ಸಣ್ಣ ಗುಂಡುಗಳು ಸಿಕ್ಕವು. ಗುಂಡಗಿದ್ದವು ಎಂಬುದೇ ಸುಳಿವು. ಮೈಯೊಳಗೆ ತಾನಾಗಿ ಬೆಳೆದ ಹರಳಿಗೆ ಮೂಲೆಗಳಿರುತ್ತವೆ. ಗುಂಡಗಿರುವುದು ಬಿಸಿಯಲ್ಲಿ, ಹೊಗೆಯಲ್ಲಿ ಹುಟ್ಟಿದ್ದು. ಮೂಗಿನ ವಾಸನೆ ನರದ ದಾರಿಯಲ್ಲಿ ಹೋಗಿರಬಹುದು ಎಂದು ಸಂಶೋಧಕರ ಊಹೆ. ಅಂದರೆ ಚಿಂತೆ ಮಾಡುವುದಿದ್ದರೆ ಕೆಂಪು ಧೂಳಿಗಿಂತ ಕುಲುಮೆ ಮತ್ತು ಡೀಸೆಲ್ ಹೊಗೆಯ ಬಗ್ಗೆ ಮಾಡಬೇಕು. ಇದು ಶುಗರ್ ಇದ್ದವರಿಗೂ ಇಲ್ಲದವರಿಗೂ ಒಂದೇ. ಈ ಪುಟದ ಉಳಿದ ಭಾಗದಲ್ಲಿ ಹೇಳುವ ಕಬ್ಬಿಣ ಬೇರೆ, ಅದು ನಮ್ಮ ಮೈಯದೇ.

ಅಪ್ಪನಿಗೆ ಹದಿನೈದು ವರ್ಷದಿಂದ ಶುಗರ್. ಈಗೀಗ ಲೆಕ್ಕ ತಪ್ಪುತ್ತಾರೆ. ಎರಡಕ್ಕೂ ಸಂಬಂಧ ಇದೆಯಾ?

ಇರಬಹುದು. 2023ರಲ್ಲಿ ಬಂದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಶುಗರ್ ಇರುವವರು ಸುಮಾರು 10.1 ಕೋಟಿ. ಇವರಲ್ಲಿ ಡಿಮೆನ್ಷಿಯಾ, ಅಂದರೆ ದಿನದ ಬದುಕನ್ನೇ ಕೆಡಿಸುವಂಥ ಮರೆವು ಬರುವ ಸಾಧ್ಯತೆ ಉಳಿದವರಿಗಿಂತ ಸುಮಾರು ಒಂದೂವರೆ ಪಟ್ಟು. ಆದರೂ ಶುಗರ್ ಇದ್ದವರಲ್ಲಿ ಬಹುಪಾಲು ಜನಕ್ಕೆ ಅದು ಬರುವುದಿಲ್ಲ.

ಶುಗರಿನ ಮರೆವಿಗೆ ಒಂದು ಬಣ್ಣ ಇದೆ. ಹೆಸರು ಮರೆಯುವುದಕ್ಕಿಂತ ಮುಂಚೆ ವೇಗ ಕಡಿಮೆಯಾಗುತ್ತದೆ. ಎಪಿಎಂಸಿಯಲ್ಲಿ ಶೇಂಗಾ ಚೀಲದ ಲೆಕ್ಕವನ್ನು ಬಾಯಲ್ಲೇ ಹಾಕುತ್ತಿದ್ದವರು ಈಗ ಚೀಟಿ ಕೇಳುತ್ತಾರೆ. ಒಟ್ಟಿಗೆ ಎರಡು ಕೆಲಸ ಹೇಳಿದರೆ ಒಂದು ಬಿಟ್ಟುಹೋಗುತ್ತದೆ. ಮನೆಯವರು "ವಯಸ್ಸಾಯ್ತು ಬಿಡಿ" ಅನ್ನುತ್ತಾರೆ. ಇದರ ಹಿಂದೆ ಸಣ್ಣ ರಕ್ತನಾಳಗಳ ಹಾನಿ, ಗೊತ್ತಾಗದೆ ಆದ ಚಿಕ್ಕ ಸ್ಟ್ರೋಕ್‌ಗಳು, ಮೆದುಳಿನಲ್ಲಿ ಇನ್ಸುಲಿನ್ ಕೆಲಸ ಮಂದವಾಗುವುದು, ಬಿಪಿ, ಹೀಗೆ ಹಲವು ಎಳೆಗಳಿವೆ. ಕಬ್ಬಿಣ ಅದರಲ್ಲೊಂದು ಎಳೆ.

ಮರೆವು ಅಂದ ಕೂಡಲೇ ಕಬ್ಬಿಣ ಅಂತ ತಿಳ್ಕೋಬೇಕಾ?

ಬೇಡವೇ ಬೇಡ. ಮೊದಲು ಸುಲಭವಾಗಿ ಸರಿಹೋಗುವುದನ್ನು ಹುಡುಕಿ. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಇಳಿಯುತ್ತದೆ, ಅದರಿಂದಲೂ ಮರೆವು, ಕಾಲು ಜೋಮು ಬರುತ್ತದೆ. ಥೈರಾಯ್ಡ್ ನೋಡಿಸಿ. ನಿದ್ದೆ, ಗೊರಕೆ ಕೇಳಿ. ಕಿವಿ ಕೇಳದೆ ಇದ್ದುದನ್ನು ಮರೆವು ಅಂದುಕೊಂಡ ಮನೆಗಳು ಎಷ್ಟೋ! ಮನಸ್ಸು ಕುಗ್ಗಿದ್ದರೂ ಮರೆವಿನ ಹಾಗೇ ಕಾಣುತ್ತದೆ.

## ಊಟ, ನೀರು, ಮಾತ್ರೆ

ಹಂಗಾದ್ರೆ ನಮ್ಮ ಮನೆಯವರು ರಕ್ತ ಕಡಿಮೆ ಅಂತ ನುಂಗೋ ಐರನ್ ಮಾತ್ರೆ ನಿಲ್ಲಿಸಿಬಿಡ್ಲಾ? ಅವರಿಗೂ ಶುಗರ್ ಇದೆ.

ದಯವಿಟ್ಟು ನಿಲ್ಲಿಸಬೇಡಿ. ನಾನು ಈ ಪುಟ ಬರೆಯಲು ಕೂತದ್ದೇ ಈ ಒಂದು ಪ್ರಶ್ನೆಗಾಗಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣ ಕಡಿಮೆಯಾದರೂ ಮೆದುಳು ಮಂಕಾಗುತ್ತದೆ. ಗಮನ ನಿಲ್ಲುವುದಿಲ್ಲ, ಸುಸ್ತು, ರಾತ್ರಿ ಕಾಲು ಎಳೆತ. ಗರ್ಭಿಣಿಯಲ್ಲಿ ಕೊರತೆ ಇದ್ದರೆ ಮಗುವಿನ ಮೆದುಳಿಗೂ ಪೆಟ್ಟು. ಇದು ಕಣ್ಣೆದುರಿನ ನಷ್ಟ. ಅದನ್ನು ಬಿಟ್ಟು, ಮುಂದೆಂದೋ ಬರಬಹುದಾದ ಒಂದಕ್ಕೆ ಹೆದರುವುದು ಸರಿಯಲ್ಲ, ಅಲ್ವಾ?

ಸರ್ಕಾರದ ಐರನ್ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅಷ್ಟೂ ಮೈಗೆ ಹತ್ತುವುದಿಲ್ಲ. ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನ್ ಬಿಡುತ್ತದೆ. ಅದು ಕರುಳಿನ ಬಾಗಿಲಲ್ಲಿ ನಿಂತ ಕಾವಲುಗಾರ ಇದ್ದ ಹಾಗೆ. ಉಗ್ರಾಣ ತುಂಬಿದ್ದರೆ ಬಾಗಿಲು ಮುಚ್ಚುತ್ತದೆ, ಖಾಲಿ ಇದ್ದರೆ ತೆರೆಯುತ್ತದೆ. ಮೆದುಳಿಗೆ ಇನ್ನೊಂದು ಗೋಡೆ ಬೇರೆ ಇದೆ. ನುಂಗಿದ ಮಾತ್ರೆ ನೇರ ತಲೆಗೆ ಹೋಗುವ ಮಾತೇ ಇಲ್ಲ.

ನನ್ನ ತಕರಾರು ಇರುವುದು ಬೇರೆಯವರ ಮೇಲೆ. ಶುಗರಿನಿಂದ ಸುಸ್ತಾದ ಗಂಡಸರು ಮೆಡಿಕಲ್ ಶಾಪಿಗೆ ಹೋಗಿ, ಯಾವ ರಕ್ತ ಪರೀಕ್ಷೆಯೂ ಇಲ್ಲದೆ, ತಿಂಗಳಿಗೊಂದು ಐರನ್ ಟಾನಿಕ್ ಬಾಟಲಿ ಕುಡಿಯುತ್ತಾರೆ. ಅವರಿಗೆ ತಿಂಗಳ ಮುಟ್ಟಿಲ್ಲ, ಹೆರಿಗೆ ಇಲ್ಲ, ಕಬ್ಬಿಣ ಹೊರಹೋಗಲು ದಾರಿಯೇ ಇಲ್ಲ. ನಮ್ಮ ಮೈಗೆ ಹೆಚ್ಚಿನ ಕಬ್ಬಿಣವನ್ನು ಹೊರಹಾಕುವ ಉಪಾಯವೇ ಗೊತ್ತಿಲ್ಲ. ದಿನಕ್ಕೆ 1-2 ಮಿಲಿಗ್ರಾಂ ಬರುತ್ತದೆ, ಅಷ್ಟೇ ಸವೆಯುತ್ತದೆ. ಆ ಟಾನಿಕ್ ಬಿಡಿ. ಗಂಡಸಿಗೆ ನಿಜವಾಗಿ ರಕ್ತ ಕಡಿಮೆ ಇದ್ದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಮೂಲವ್ಯಾಧಿ, ಹೊಟ್ಟೆಯ ಹುಣ್ಣು, ಕೆಲವೊಮ್ಮೆ ಕರುಳಿನ ಕ್ಯಾನ್ಸರ್.

ಕಬ್ಬಿಣದ ಹಂಚಿನ ಮೇಲೆ ರೊಟ್ಟಿ ಬಡೀತೀವಿ. ನಾನ್‌ಸ್ಟಿಕ್ ತಗೊಳ್ಳಲಾ?

ಸುಮ್ನೆ ದುಡ್ಡು ದಂಡ. ಜೋಳದ ರೊಟ್ಟಿ ಹಂಚಿನ ಮೇಲೆ ಇರುವುದೇ ಒಂದೆರಡು ನಿಮಿಷ, ಹುಳಿಯೂ ಇಲ್ಲ. ಇಳಿಯುವ ಕಬ್ಬಿಣ ಅತಿ ಕಡಿಮೆ. ಹುಣಸೆಹಣ್ಣಿನ ಸಾರು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಸ್ವಲ್ಪ ಜಾಸ್ತಿ ಇಳಿಯುತ್ತದೆ. ರಕ್ತ ಕಡಿಮೆ ಇರುವ ಹುಡುಗಿಯರಿಗೆ ಅದು ಒಳ್ಳೆಯದೇ.

ಪಾತ್ರೆಯಿಂದ ಮೈಯಲ್ಲಿ ಕಬ್ಬಿಣ ತುಂಬಿ ಕಾಯಿಲೆ ಬಿದ್ದವರು ಇಲ್ಲವೇ ಇಲ್ಲ ಎಂದಲ್ಲ. ಆಫ್ರಿಕಾದ ದಕ್ಷಿಣ ಭಾಗದಲ್ಲಿ ಕಬ್ಬಿಣದ ಡ್ರಮ್ಮಿನಲ್ಲಿ ಹುಳಿ ಬರಿಸಿದ ನಾಡಬಿಯರನ್ನು ವರ್ಷಗಟ್ಟಲೆ ಲೀಟರ್‌ಗಟ್ಟಲೆ ಕುಡಿದವರ ಲಿವರಿನಲ್ಲಿ ಹಾಗೆ ಆಗಿದೆ. ರೊಟ್ಟಿ ಹಂಚಿಗೂ ಅದಕ್ಕೂ ಹೋಲಿಕೆ ಇಲ್ಲ.

ಪುಂಡಿಪಲ್ಲೆ, ರೊಟ್ಟಿ, ಮಟನ್: ಯಾವುದು ಬಿಡಬೇಕು?

100 ಗ್ರಾಂ ಜೋಳದಲ್ಲಿ ಸುಮಾರು 4 ಮಿಲಿಗ್ರಾಂ, ಸಜ್ಜೆಯಲ್ಲಿ ಸುಮಾರು 6.4 ಮಿಲಿಗ್ರಾಂ ಕಬ್ಬಿಣ ಇದೆ. ಕಾಳು, ಸೊಪ್ಪಿನ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಧಾನ್ಯದಲ್ಲಿರುವ ಫೈಟೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟದ ಜೊತೆ ಚಹಾ ಕುಡಿದರೆ ಇನ್ನೂ ಕಡಿಮೆ, ನಿಂಬೆ ಹಿಂಡಿದರೆ ಜಾಸ್ತಿ. ಮಾಂಸದ ಕಬ್ಬಿಣ ಬೇರೆ ಜಾತಿಯದು, ಬೇಗ ಹತ್ತುತ್ತದೆ. ಕೆಂಪು ಮಾಂಸ ಬಹಳ ತಿನ್ನುವವರಲ್ಲಿ ಶುಗರ್ ಬರುವುದು ಜಾಸ್ತಿ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಭಾನುವಾರಕ್ಕೊಮ್ಮೆ ಮಟನ್ ತಿನ್ನುವವರ ಮಾತಲ್ಲ ಅದು. ಪುಂಡಿಪಲ್ಲೆ, ಮೆಂತ್ಯ, ಗುರೆಳ್ಳು ಚಟ್ನಿ ಆರಾಮಾಗಿ ತಿನ್ನಿ. ಬಿಡಬೇಕಾದ್ದು ಸಂಜೆಯ ಮಿರ್ಚಿಯ ಎರಡನೇ ಪ್ಲೇಟು, ಅದು ಕಬ್ಬಿಣದ ಕಾರಣಕ್ಕಲ್ಲ.

ಬೋರ್ ನೀರು ಕೆಂಪಗೆ ಬರುತ್ತೆ.

ಬಟ್ಟೆ ಹಾಳಾಗುತ್ತದೆ, ರುಚಿ ಕೆಡುತ್ತದೆ. ಮರೆವು ಬರುವುದಿಲ್ಲ. ನಮ್ಮ ಮೂರೂ ಜಿಲ್ಲೆಗಳಲ್ಲಿ ಬೋರ್ ನೀರಿನಲ್ಲಿ ಮೊದಲು ನೋಡಿಸಬೇಕಾದ್ದು ಫ್ಲೋರೈಡ್.

ಶುಗರ್ ಇದೆ, ವಾರಕ್ಕೆ ಎರಡು ಮೂರು ಸಲ ಸ್ವಲ್ಪ ತಗೋತೀನಿ. ತೊಂದರೆ ಇಲ್ಲ ತಾನೆ?

ಊಟದ ಮಾತು ಬಿಟ್ಟು ಇಲ್ಲಿ ಸ್ವಲ್ಪ ನಿಲ್ಲಿ. ಜನರ ಆರೋಗ್ಯದ ವಿವರ ಕೂಡಿಡುವ ಬ್ರಿಟನ್ನಿನ ಬಯೋಬ್ಯಾಂಕ್ ಯೋಜನೆಯ 20,965 ಜನರ ಲೆಕ್ಕ 2022ರಲ್ಲಿ ಪ್ರಕಟವಾಯಿತು. ವಾರಕ್ಕೆ 7 ಯೂನಿಟ್‌ಗಿಂತ ಹೆಚ್ಚು ಕುಡಿಯುವವರ ಮೆದುಳಿನ ಆಳದ ಭಾಗಗಳಲ್ಲಿ ಕಬ್ಬಿಣದ ಗುರುತು ಜಾಸ್ತಿ ಕಂಡಿತು. ಆ ಗುರುತು ಜಾಸ್ತಿ ಇದ್ದವರು ಯೋಚನೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದರು. ಒಂದು ಯೂನಿಟ್ ಅಂದರೆ ಸುಮಾರು 8 ಗ್ರಾಂ ಆಲ್ಕೊಹಾಲ್. ನಮ್ಮಲ್ಲಿ ಒಂದು ಕ್ವಾರ್ಟರ್ ವಿಸ್ಕಿಯಲ್ಲೇ ಅಂಥವು ಏಳಕ್ಕಿಂತ ಹೆಚ್ಚು. ಕುಡಿತ ಹೆಪ್ಸಿಡಿನ್ ಕಾವಲುಗಾರನನ್ನು ಮಲಗಿಸಿಬಿಡುತ್ತದೆ, ಕರುಳಿನ ಬಾಗಿಲು ತೆರೆದೇ ಇರುತ್ತದೆ. ಹಂಚು, ಸೊಪ್ಪು, ಮಾತ್ರೆ ಎಂದು ಚಿಂತಿಸುವವರು ಬಾಟಲಿ ಬಗ್ಗೆ ಮಾತ್ರ ಕೊನೆಯಲ್ಲಿ, ಬಾಗಿಲ ಹತ್ತಿರ ನಿಂತು ಕೇಳುತ್ತಾರೆ!

## ಟೆಸ್ಟು, ರಿಪೋರ್ಟು

ಫೆರಿಟಿನ್ 480 ಬಂದಿದೆ. ಮೆದುಳಲ್ಲೂ ಅಷ್ಟೇ ಜಾಸ್ತಿ ಅಂತಾನಾ?

ಅಲ್ಲ. ಫೆರಿಟಿನ್ ಕಬ್ಬಿಣ ತುಂಬಿಡುವ ಡಬ್ಬಿ. ಅದು ರಕ್ತದಲ್ಲಿ ಜಾಸ್ತಿ ಕಂಡರೆ ಕಬ್ಬಿಣವೇ ಜಾಸ್ತಿ ಇರಬೇಕೆಂದಿಲ್ಲ. ಜ್ವರ, ಸೋಂಕು, ಮೈಯೊಳಗಿನ ಉರಿಯೂತ, ಲಿವರಿನ ಕೊಬ್ಬು, ಕುಡಿತ, ಇವೆಲ್ಲದರಲ್ಲೂ ಏರುತ್ತದೆ. ಶುಗರ್ ಮತ್ತು ಹೊಟ್ಟೆ ಬೊಜ್ಜು ಇದ್ದವರಲ್ಲಿ ಇದು ದಿನನಿತ್ಯ ನೋಡುವ ಸಂಗತಿ. ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಷನ್, ಅಂದರೆ ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್ ಎಷ್ಟು ತುಂಬಿದೆ ಎಂದು ನೋಡಿಸಬೇಕು. ಅದು ಶೇಕಡ 45 ದಾಟಿದ್ದರೆ ನಿಜಕ್ಕೂ ಕಬ್ಬಿಣ ತುಂಬಿರುವ ಅನುಮಾನ. ಅದು ಸರಿಯಾಗಿದ್ದು ಫೆರಿಟಿನ್ ಮಾತ್ರ ಜಾಸ್ತಿ ಇದ್ದರೆ, ಲಿವರ್ ಸ್ಕ್ಯಾನ್ ಕಡೆ ತಿರುಗಿ.

ಇನ್ನು ಮೆದುಳು. ಅದು ಕೋಟೆಯೊಳಗಿನ ಕೋಟೆ. ರಕ್ತನಾಳದ ಒಳಗೋಡೆಯೇ ಎಷ್ಟು ಕಬ್ಬಿಣ ಒಳಬಿಡಬೇಕು ಎಂದು ತೀರ್ಮಾನಿಸುತ್ತದೆ. ಥಲಸ್ಸೀಮಿಯಾ ಎಂಬ ವಂಶದ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ರಕ್ತ ಕೊಟ್ಟು ಕೊಟ್ಟು ಲಿವರ್, ಹೃದಯದಲ್ಲಿ ಕಬ್ಬಿಣ ತುಂಬುತ್ತದೆ, ಫೆರಿಟಿನ್ ಸಾವಿರಗಟ್ಟಲೆ ಹೋಗುತ್ತದೆ. ಆದರೂ ಅವರ ಮೆದುಳಿನಲ್ಲಿ ಆ ಪ್ರಮಾಣದಲ್ಲಿ ಸೇರುವುದಿಲ್ಲ. ರಕ್ತದ ಒಂದು ಅಂಕಿ ನೋಡಿ ಮೆದುಳಿನ ಭವಿಷ್ಯ ಹೇಳುವವರನ್ನು ನಂಬಬೇಡಿ.

ಎಂಆರ್‌ಐನಲ್ಲಿ ಕಾಣುತ್ತಾ? ಬಳ್ಳಾರಿಯಲ್ಲೇ ಮಾಡಿಸಬಹುದಾ?

ಕಬ್ಬಿಣ ಅಯಸ್ಕಾಂತದ ಕ್ಷೇತ್ರವನ್ನು ಸ್ವಲ್ಪ ಕದಡುತ್ತದೆ. ಆ ಕದಡಿಕೆಯನ್ನು ಎಂಆರ್‌ಐ ಹಿಡಿಯುತ್ತದೆ. ಎಸ್‌ಡಬ್ಲ್ಯುಐ ಎಂಬ ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ, ಅದು ನಮ್ಮೂರ ಯಂತ್ರಗಳಲ್ಲೂ ಆಗುತ್ತದೆ. ಆದರೆ ಕಪ್ಪಗಿದೆ ಎನ್ನುವುದು ಅಳತೆ ಅಲ್ಲ. ಸುಣ್ಣದ ಅಂಶ, ಹಳೆಯ ಸಣ್ಣ ರಕ್ತಸ್ರಾವವೂ ಕಪ್ಪಗೇ ಕಾಣಬಹುದು. ಎಷ್ಟು ಎಂದು ಅಳೆಯಲು ಕ್ಯೂಎಸ್‌ಎಂ ಎಂಬ ವಿಧಾನ ಬೇಕು. ಅದರಲ್ಲಿ ಲೆಕ್ಕಾಚಾರ ಜಾಸ್ತಿ, ಹೆಚ್ಚಾಗಿ ಸಂಶೋಧನೆಗೆ ಬಳಸುತ್ತಾರೆ.

ನಿಮ್ಮ ರಿಪೋರ್ಟಿನಲ್ಲಿ "ಬೇಸಲ್ ಗ್ಯಾಂಗ್ಲಿಯಾದಲ್ಲಿ ಮಿನರಲೈಸೇಷನ್, ವಯಸ್ಸಿಗೆ ತಕ್ಕಂತೆ", ಅಂದರೆ ಮೆದುಳಿನ ಆಳದ ಭಾಗದಲ್ಲಿ ಖನಿಜ ಸೇರಿದೆ ಎಂದು ಬರೆದಿದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಅರವತ್ತು ದಾಟಿದವರಲ್ಲಿ ಅದು ಮಾಮೂಲಿ. ಮೆದುಳಿನ ಕಬ್ಬಿಣ ನೋಡಲೆಂದೇ ಎಂಆರ್‌ಐ ಮಾಡಿಸಲು ಸಾಲ ಮಾಡಬೇಡಿ. ಬಂದ ಉತ್ತರದಿಂದ ನಿಮ್ಮ ಚಿಕಿತ್ಸೆ ಬದಲಾಗುವುದಿಲ್ಲ.

ರಕ್ತ ಕಡಿಮೆ ಇದ್ರೆ ಮೂರು ತಿಂಗಳ ಶುಗರ್ ರಿಪೋರ್ಟು ತಪ್ಪು ಬರುತ್ತೆ ಅಂತಾರೆ, ಹೌದಾ?

ಹೌದು, ಇದು ಎಲ್ಲರಿಗೂ ಗೊತ್ತಿರಬೇಕಾದ ಮಾತು. ಕಬ್ಬಿಣದ ಕೊರತೆ ಇದ್ದಾಗ ಆ ರಿಪೋರ್ಟಿನ ಎಚ್‌ಬಿಎ1ಸಿ ಅಂಕಿ ನಿಜಕ್ಕಿಂತ ಜಾಸ್ತಿ ತೋರಿಸಬಹುದು. ಐರನ್ ಮಾತ್ರೆ ಶುರು ಮಾಡಿದ ಮೇಲೆ ಹೊಸ ರಕ್ತಕಣ ಬಂದು, ಊಟ ಬದಲಿಸದೆಯೂ ಆ ಅಂಕಿ ಇಳಿಯುತ್ತದೆ. ರಕ್ತ ಸೋರಿದವರಲ್ಲಿ, ರಕ್ತ ಏರಿಸಿಕೊಂಡವರಲ್ಲಿ ಉಲ್ಟಾ, ಕಡಿಮೆ ತೋರಿಸಬಹುದು. ಹಿಮೋಗ್ಲೋಬಿನ್ ನೋಡದೆ ಎಚ್‌ಬಿಎ1ಸಿ ಒಂದನ್ನೇ ನಂಬಿ ಮಾತ್ರೆ ಏರಿಸಿದರೆ ಲೋ ಶುಗರ್ ಆಗುತ್ತದೆ. ಅಂಥವರಲ್ಲಿ ಮನೆಯ ಗ್ಲುಕೋಮೀಟರ್ ಲೆಕ್ಕವನ್ನೂ ಜೊತೆಗೆ ನೋಡುತ್ತೇವೆ.

ನಮ್ಮವ್ವ ಸಾಲಿ ಕಲಿತಿಲ್ಲ. ಅಕಿಗೆ ಮರೆವಿನ ಪರೀಕ್ಷೆ ಹೆಂಗ ಮಾಡ್ತಾರ?

ಒಳ್ಳೆಯ ಪ್ರಶ್ನೆ. ಗಡಿಯಾರ ಬರೆಯಿರಿ, 100ರಿಂದ ಏಳೇಳು ಕಳೆಯಿರಿ ಅಂದರೆ ಶಾಲೆಗೆ ಹೋಗದವರು ಸೋಲುತ್ತಾರೆ. ಅದು ಮರೆವಲ್ಲ. ಐಸಿಎಂಆರ್ ನಮ್ಮ ಭಾಷೆಗಳಿಗೆಂದೇ ಪರೀಕ್ಷೆಗಳನ್ನು ಹೊಂದಿಸಿದೆ, ಕನ್ನಡವೂ ಅದರಲ್ಲಿದೆ. ಇವತ್ತಿನ ತಾರೀಕು ಗೊತ್ತಿಲ್ಲದ ಅವ್ವ, ಅಮಾಸಿ ಯಾವಾಗ ಅಂತ ಸರಿಯಾಗಿ ಹೇಳಿದರೆ ನಾನು ಪೂರ್ತಿ ಅಂಕ ಕೊಡುತ್ತೇನೆ. ಅಂಕಕ್ಕಿಂತ ಮನೆಯವರ ಮಾತು ಮುಖ್ಯ. ಒಲೆ ಆರಿಸುವುದು ಮರೆತರಾ? ಗುರುತಿನ ದಾರಿ ತಪ್ಪಿದರಾ? ಮಾತ್ರೆ ಎರಡು ಸಲ ನುಂಗಿದರಾ? ಇಂಥದ್ದು ಇದ್ದರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರ ಮನೋವೈದ್ಯರೂ ಸಿಗುತ್ತಾರೆ.

ಇಷ್ಟೆಲ್ಲ ಕೇಳಿದ ಮೇಲೆ, ನಾಳೆ ಬೆಳಗ್ಗೆಯಿಂದ ನಾನು ಏನು ಮಾಡ್ಲಿ?

ಮೊದಲನೆಯದು ಲೋ ಶುಗರ್ ತಡೆಯಿರಿ. 2009ರಲ್ಲಿ ಅಮೆರಿಕದ 16,667 ಶುಗರ್ ರೋಗಿಗಳ ಲೆಕ್ಕ ಬಂತು. ಶುಗರ್ ತೀರಾ ಇಳಿದು ಆಸ್ಪತ್ರೆ ಸೇರಿದವರಲ್ಲಿ ಮುಂದೆ ಡಿಮೆನ್ಷಿಯಾ ಜಾಸ್ತಿ ಕಂಡಿತು. ಎಷ್ಟು ಸಲ ಹಾಗಾಯಿತೋ ಅಷ್ಟೂ ಅಪಾಯ ಏರಿತ್ತು. ಉಪವಾಸದ ದಿನ, ಜಾತ್ರೆಗೆ ನಡೆದು ಹೋಗುವ ದಿನ ಮಾತ್ರೆ, ಇನ್ಸುಲಿನ್ ಹೇಗೆ ಎಂದು ಮುಂಚೆಯೇ ಕೇಳಿಟ್ಟುಕೊಳ್ಳಿ. ಶುಗರನ್ನು ಹಟಕ್ಕೆ ಬಿದ್ದು ಇಳಿಸಿದರೆ ಮೆದುಳು ಚುರುಕಾಗುತ್ತದೆ ಎಂಬ ಆಸೆಯೂ ಅಕಾರ್ಡ್-ಮೈಂಡ್ ಎಂಬ ದೊಡ್ಡ ಪ್ರಯೋಗದಲ್ಲಿ ಕೈಗೂಡಲಿಲ್ಲ. ವಯಸ್ಸಾದವರಿಗೆ ಎಚ್‌ಬಿಎ1ಸಿ ಗುರಿ ಸ್ವಲ್ಪ ಸಡಿಲವಾಗಿಯೇ ಇಡುತ್ತೇವೆ.

ಆಮೇಲೆ ಬಿಪಿ, ಕೊಲೆಸ್ಟರಾಲ್, ನಡಿಗೆ, ತಂಬಾಕು ಬಿಡುವುದು, ಕಿವಿ ಕೇಳದಿದ್ದರೆ ಯಂತ್ರ, ಕಣ್ಣಿನ ಪೊರೆ ತೆಗೆಸುವುದು. ಹಳೆಯ ಪಾಠವೇ. ಡಿಮೆನ್ಷಿಯಾ ತರುವ, ಆದರೆ ನಾವು ತಡೆಯಬಹುದಾದ 14 ಕಾರಣಗಳನ್ನು 2024ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ ಪಟ್ಟಿ ಮಾಡಿತು. ಶುಗರ್ ಅದರಲ್ಲಿದೆ, ಕಿವಿ ಇದೆ, ಕಣ್ಣು ಇದೆ. ಕಬ್ಬಿಣ ಇಲ್ಲ.

## ಇನ್ನೂ ಒಳಗೆ ಹೋಗಿ ಕೇಳುವವರಿಗೆ

ಶುಗರ್ ಇದ್ದವರ ಮೆದುಳಲ್ಲೇ ಯಾಕೆ ಜಾಸ್ತಿ ಸೇರುತ್ತೆ?

ಕಬ್ಬಿಣ ಹೊತ್ತು ತಿರುಗುವ ಲಾರಿ ಟ್ರಾನ್ಸ್‌ಫೆರಿನ್. ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ದರೆ ಅದರ ಮೈಗೂ ಸಕ್ಕರೆ ಅಂಟುತ್ತದೆ, ಕಬ್ಬಿಣವನ್ನು ಗಟ್ಟಿಯಾಗಿ ಹಿಡಿಯಲಾರದು. ಟಾರ್ಪಾಲ್ ಕಟ್ಟದ ಅದಿರು ಲಾರಿ ಹಾಗೆ ದಾರಿಯುದ್ದಕ್ಕೂ ಚೆಲ್ಲುತ್ತದೆ. ಶುಗರಿನಿಂದ ಮೆದುಳಿನ ರಕ್ತನಾಳದ ಗೋಡೆಯೂ ಸಡಿಲವಾಗುತ್ತದೆ. ಒಳಗೆ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಸದಾ ಉರಿಯೂತ ಇದ್ದರೆ ಅವು ಕಬ್ಬಿಣವನ್ನು ನುಂಗಿ ಕೂರುತ್ತವೆ. ನಿಜವಾದ ಸೋಂಕಿನಲ್ಲಿ ಇದು ಜಾಣತನ, ಯಾಕಂದರೆ ಬ್ಯಾಕ್ಟೀರಿಯಾಕ್ಕೂ ಕಬ್ಬಿಣ ಬೇಕು. ಸೋಂಕಿಲ್ಲದೆ ಹೀಗೇ ನಡೆದರೆ ಸುಮ್ನೆ ದಾಸ್ತಾನು.

ಕೋಶದಿಂದ ಕಬ್ಬಿಣ ಹೊರಹೋಗಲು ಇರುವುದು ಒಂದೇ ಬಾಗಿಲು, ಫೆರೋಪೋರ್ಟಿನ್. ಶುಗರ್ ಬರಿಸಿದ ಇಲಿಗಳ ಹಿಪ್ಪೋಕ್ಯಾಂಪಸ್‌ನಲ್ಲಿ, ಅಂದರೆ ನೆನಪು ಕೂಡಿಡುವ ಭಾಗದಲ್ಲಿ, ಆ ಬಾಗಿಲುಗಳು ಕಡಿಮೆಯಾಗಿದ್ದವು. ಬರುವುದು ಜಾಸ್ತಿ, ಹೋಗುವುದು ಕಡಿಮೆ.

ಸೇರಿದರೆ ಸೇರಲಿ, ಅದು ಏನು ಹಾಳು ಮಾಡುತ್ತೆ?

ಡಬ್ಬಿಯೊಳಗೆ, ಫೆರಿಟಿನ್‌ನಲ್ಲಿ ಇರುವವರೆಗೆ ಏನೂ ಮಾಡುವುದಿಲ್ಲ. ಡಬ್ಬಿ ತುಂಬಿ ಹೊರಗೆ ಬಿಡಿಯಾಗಿ ಓಡಾಡುವ ಕಬ್ಬಿಣವೇ ಪೋಕರಿ. 1894ರಲ್ಲಿ ಕೇಂಬ್ರಿಜ್‌ನ ಫೆಂಟನ್ ಎಂಬ ರಸಾಯನ ವಿಜ್ಞಾನಿ ವಿವರಿಸಿದ ಕ್ರಿಯೆ ಇದು. ಕಬ್ಬಿಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ತಾಗಿದರೆ ಬೆಂಕಿಯಂಥ ಒಂದು ಕಣ ಹುಟ್ಟುತ್ತದೆ. ನಮ್ಮ ಕೋಶಗಳಲ್ಲಿ ಆ ಪೆರಾಕ್ಸೈಡ್ ದಿನವೂ ಸ್ವಲ್ಪ ತಯಾರಾಗುತ್ತಲೇ ಇರುತ್ತದೆ, ಶುಗರ್ ಇದ್ದರೆ ಜಾಸ್ತಿ.

ನೀರಿನ ಅಂಶ ಬಿಟ್ಟರೆ ಮೆದುಳೆಂದರೆ ಹೆಚ್ಚಾಗಿ ಕೊಬ್ಬು. ಆ ಕಣ ಕೋಶದ ಪೊರೆಯ ಕೊಬ್ಬಿಗೆ ತಗುಲಿದರೆ, ಹಳೆಯ ಎಣ್ಣೆ ಕಮಟು ಬರುವ ಹಾಗೆ ಪೊರೆ ಕೆಡುತ್ತದೆ. ಒಂದು ಕೆಟ್ಟರೆ ಪಕ್ಕದ್ದೂ ಕೆಡುತ್ತದೆ. ಕೊನೆಗೆ ಕೋಶ ಸಾಯುತ್ತದೆ. ಈ ಸಾವಿಗೆ 2012ರಲ್ಲಿ ಅಮೆರಿಕದ ಸ್ಟಾಕ್‌ವೆಲ್ ತಂಡ ಫೆರೋಪ್ಟೋಸಿಸ್ ಎಂದು ಹೆಸರಿಟ್ಟಿತು. ಇದನ್ನು ತಡೆಯಲು ಗ್ಲುಟಾಥಯೋನ್ ಮತ್ತು ಅದನ್ನು ಬಳಸುವ ಒಂದು ಕಿಣ್ವ ಇವೆ. ಸಕ್ಕರೆ ಜಾಸ್ತಿಯಾದ ಕೋಶದಲ್ಲಿ ಗ್ಲುಟಾಥಯೋನ್ ಬೇಗ ಖರ್ಚಾಗುತ್ತದೆ. ಒಂದು ಕಡೆ ಕಿಡಿ ಹೆಚ್ಚು, ಇನ್ನೊಂದು ಕಡೆ ನೀರು ಕಡಿಮೆ.

ಸೇರುವ ಜಾಗವೂ ಮುಖ್ಯ. ಪುಟಾಮೆನ್, ಕಾಡೇಟ್ ಎಂಬ ಭಾಗಗಳು ಯೋಚನೆಯ ವೇಗ, ಒಂದು ಕೆಲಸದಿಂದ ಇನ್ನೊಂದಕ್ಕೆ ಹೊರಳುವುದು, ಇವನ್ನು ನೋಡಿಕೊಳ್ಳುತ್ತವೆ. ಮೇಲೆ ಹೇಳಿದ ಎಪಿಎಂಸಿ ಲೆಕ್ಕ ನೆನಪಿದೆಯಾ?

ಕಬ್ಬಿಣದಿಂದ ಮರೆವೋ, ಮರೆವಿನ ಕಾಯಿಲೆಯಿಂದ ಕಬ್ಬಿಣವೋ?

ಇನ್ನೂ ಬಗೆಹರಿದಿಲ್ಲ. ಚೀನಾದ ಹಲವು ತಂಡಗಳು ಕ್ಯೂಎಸ್‌ಎಂನಿಂದ ನೋಡಿವೆ. ಶುಗರ್ ಜೊತೆಗೆ ಮರೆವೂ ಇದ್ದವರ ಕಾಡೇಟ್, ಪುಟಾಮೆನ್‌ನಂಥ ಭಾಗಗಳಲ್ಲಿ ಕಬ್ಬಿಣ ಜಾಸ್ತಿ, ಮರೆವಿಲ್ಲದ ಶುಗರ್ ರೋಗಿಗಳಲ್ಲಿ ಅಷ್ಟಿಲ್ಲ. ಆದರೆ ಇವು ಹೆಚ್ಚಾಗಿ ಹತ್ತಾರು ಜನರ ಅಧ್ಯಯನಗಳು, ಒಂದೇ ಸಲ ತೆಗೆದ ಫೋಟೋ ಇದ್ದ ಹಾಗೆ. ಸುಟ್ಟ ಮನೆ ಎದುರು ಜನ ಸೇರಿದ್ದಾರೆ ಎಂದರೆ ಅವರೇ ಬೆಂಕಿ ಹಚ್ಚಿದರು ಎನ್ನಲಾಗದು. ಸಾಯುತ್ತಿರುವ ಕೋಶಗಳೂ ಕಬ್ಬಿಣ ಬಿಟ್ಟುಹೋಗುತ್ತವೆ. ನನ್ನ ಅಂದಾಜು, ಎರಡೂ ಕಡೆಯಿಂದ ನಡೆಯುತ್ತದೆ. ಆದರೆ ಅಂದಾಜಿನ ಮೇಲೆ ಔಷಧಿ ಕೊಡಲಾಗದು. ಯಾಕೆ ಅಂತ ಮುಂದಿನ ಉತ್ತರದಲ್ಲಿದೆ.

ಕಬ್ಬಿಣ ತೆಗೆಯೋ ಔಷಧಿ ಇದೆಯಂತಲ್ಲ ಸರ್, ಅದನ್ನೇ ಕೊಡಬಾರದಾ?

ಇದೆ. ಡೆಫೆರಿಪ್ರೋನ್. ಥಲಸ್ಸೀಮಿಯಾಗೆ ಬಳಸುತ್ತೇವೆ, ಮೆದುಳಿನ ಗೋಡೆಯನ್ನೂ ದಾಟುತ್ತದೆ. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

2022ರಲ್ಲಿ ಯುರೋಪಿನ 372 ಹೊಸ ಪಾರ್ಕಿನ್ಸನ್ ರೋಗಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ ಬಂತು. ಮಾತ್ರೆ 36 ವಾರ ಕೊಟ್ಟರು. ಕಬ್ಬಿಣ ಇಳಿಯಿತು. ರೋಗಿಗಳು ಮಾತ್ರ, ಹೋಲಿಕೆಗೆಂದು ಔಷಧಿಯಿಲ್ಲದ ಸುಳ್ಳು ಮಾತ್ರೆ ನುಂಗಿದವರಿಗಿಂತ ಹೆಚ್ಚು ಕೆಟ್ಟರು. ಆಮೇಲೆ ಆಸ್ಟ್ರೇಲಿಯಾದಲ್ಲಿ ಆಲ್ಝೈಮರ್ ಶುರುವಾದ 81 ಜನರ ಮೇಲೆ ಒಂದು ವರ್ಷದ ಪ್ರಯೋಗ. ಹಿಪ್ಪೋಕ್ಯಾಂಪಸ್‌ನಲ್ಲಿ ಕಬ್ಬಿಣ ಕಡಿಮೆಯಾಯಿತು, ಎಂಆರ್‌ಐನಲ್ಲೇ ಕಂಡಿತು. ಯೋಚನಾಶಕ್ತಿ ಇನ್ನೂ ಬೇಗ ಕುಸಿಯಿತು.

ಈ ಎರಡು ಫಲಿತಾಂಶ ಓದಿದ ದಿನ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಔಷಧಿಗೆ ಕೆಟ್ಟ ಕಬ್ಬಿಣ, ಒಳ್ಳೆಯ ಕಬ್ಬಿಣ ಎಂದು ಗೊತ್ತಾಗುವುದಿಲ್ಲ. ಡೋಪಮಿನ್ ಮಾಡಲು ಬೇಕಾದದ್ದನ್ನೂ ಎತ್ತಿಕೊಂಡು ಹೋಗುತ್ತದೆ. ಜೊತೆಗೆ ಬಿಳಿ ರಕ್ತಕಣ ಅಪಾಯದ ಮಟ್ಟಕ್ಕೆ ಇಳಿಸುವ ಗುಣವೂ ಅದಕ್ಕಿದೆ. ಆದ್ದರಿಂದ "ಮೆದುಳು ಡಿಟಾಕ್ಸ್", "ಲೋಹ ತೆಗೆಯುವ ಡ್ರಿಪ್" ಎಂದು ಯಾರಾದರೂ ಪ್ಯಾಕೇಜ್ ಹೇಳಿದರೆ ಚಪ್ಪಲಿ ಹಾಕಿಕೊಂಡು ಹೊರಡಿ.

ರಕ್ತದಾನ ಮಾಡಿದರೆ ಕಬ್ಬಿಣ ಇಳಿಯುತ್ತಲ್ಲ?

ಮೈಯ ಕಬ್ಬಿಣ ಇಳಿಯುತ್ತದೆ, ಒಂದು ಬಾಟಲಿಗೆ 200-250 ಮಿಲಿಗ್ರಾಂ. ಮೆದುಳಿನದು ಇಳಿಯುತ್ತದೆ ಎನ್ನಲು ಆಧಾರವಿಲ್ಲ. ಇನ್ಸುಲಿನ್ ತೆಗೆದುಕೊಳ್ಳುವವರಿಂದ ನಮ್ಮಲ್ಲಿ ರಕ್ತ ತೆಗೆದುಕೊಳ್ಳುವುದಿಲ್ಲ. ಮಾತ್ರೆಯಲ್ಲಿ ಶುಗರ್ ಹತೋಟಿಯಲ್ಲಿದ್ದವರು ರಕ್ತನಿಧಿಯಲ್ಲಿ ಕೇಳಿ. ಕೊಡುವುದಾದರೆ ಬೇರೆಯವರ ಜೀವಕ್ಕಾಗಿ ಕೊಡಿ.

ಉಲ್ಟಾ ಆಗೋದೂ ಇದೆಯಾ? ಕಬ್ಬಿಣ ತುಂಬಿಯೇ ಶುಗರ್ ಬರೋದು?

ಇದೆ. ಇನ್ಸುಲಿನ್ ಮಾಡುವ ಕೋಶಗಳಿಗೆ ಕಬ್ಬಿಣ ತಡೆಯುವ ಶಕ್ತಿ ಕಡಿಮೆ. ಮತ್ತೆ ಮತ್ತೆ ರಕ್ತ ಏರಿಸಿಕೊಳ್ಳುವ ಥಲಸ್ಸೀಮಿಯಾ ಮಕ್ಕಳಿಗೆ ಹರೆಯದಲ್ಲೇ ಶುಗರ್ ಬರಬಹುದು. ಹಿಮೋಕ್ರೊಮಟೋಸಿಸ್ ಎಂಬ ವಂಶದ ಕಾಯಿಲೆಯಲ್ಲಿ ಚರ್ಮ ಕಂಚಿನ ಬಣ್ಣಕ್ಕೆ ತಿರುಗಿ ಶುಗರ್ ಬರುತ್ತದೆ. ಯುರೋಪಿನವರಲ್ಲಿ ಅದು ಹೆಚ್ಚು, ನಮ್ಮಲ್ಲಿ ಅಪರೂಪ.

ಶುಗರ್, ಮೆದುಳಿನ ಕಬ್ಬಿಣ, ಮರೆವು ಮೂರೂ ಒಂದೇ ಬೇರಿನಿಂದ ಹುಟ್ಟುವ ಕಾಯಿಲೆಯೂ ಒಂದಿದೆ. ಹೆಸರು ಉದ್ದ: ಏಸೆರುಲೋಪ್ಲಾಸ್ಮಿನೀಮಿಯಾ. 1987ರಲ್ಲಿ ಜಪಾನಿನ ಮಿಯಾಜಿಮಾ ಮತ್ತು ಅವರ ಜೊತೆಗಾರರು ಮೊದಲು ಬರೆದರು. ಸೆರುಲೋಪ್ಲಾಸ್ಮಿನ್ ತಾಮ್ರ ಇರುವ ಒಂದು ಪ್ರೋಟೀನ್. ಫೆರೋಪೋರ್ಟಿನ್ ಬಾಗಿಲಿನಿಂದ ಹೊರಬರುವ ಕಬ್ಬಿಣವನ್ನು ಲಾರಿಗೆ ಏರಿಸುವ ಹಮಾಲಿ ಕೆಲಸ ಅದರದು. ಹಮಾಲಿ ಇಲ್ಲದಿದ್ದರೆ ಮಾಲು ಗೋದಾಮಿನಲ್ಲೇ ಉಳಿಯುತ್ತದೆ. ಲಿವರ್, ಮೇದೋಜೀರಕ, ಕಣ್ಣಿನ ಪರದೆ, ಮೆದುಳು ಎಲ್ಲ ಕಡೆ ಕಬ್ಬಿಣ. ರಕ್ತದಲ್ಲಿ ಮಾತ್ರ ಕಬ್ಬಿಣ ಕಡಿಮೆ, ಹಿಮೋಗ್ಲೋಬಿನ್ ಕಡಿಮೆ, ಫೆರಿಟಿನ್ ಆಕಾಶದಲ್ಲಿ! ಮೊದಲು ರಕ್ತಹೀನತೆ, ಆಮೇಲೆ ಶುಗರ್, ನಲವತ್ತು ಐವತ್ತರ ಹೊತ್ತಿಗೆ ಮುಖ-ಕತ್ತು ಸೆಳೆತ, ನಡಿಗೆ ತೂರಾಟ, ಮರೆವು.

ಬಹಳ ಬಹಳ ಅಪರೂಪ. ಆದರೂ ಇಲ್ಲಿ ಬರೆಯಲು ಕಾರಣ ಇದೆ. ತಂದೆ-ತಾಯಿ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಈ ಕಾಯಿಲೆ. ಸೋದರಮಾವನಿಗೆ ಕೊಡುವುದು, ಅತ್ತೆಯ ಮಗನಿಗೆ ಕೊಡುವುದು ನಮ್ಮ ಸೀಮೆಯಲ್ಲಿ ಇನ್ನೂ ಇದೆ. ಇಬ್ಬರಲ್ಲೂ ಆ ಜೀನ್ ಇದ್ದರೆ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಸಾಧ್ಯತೆ. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ, ತೆಳ್ಳಗಿರುವ ಚಿಕ್ಕ ವಯಸ್ಸಿನವರಿಗೆ ಶುಗರ್ ಬಂದು, ಐರನ್ ಮಾತ್ರೆಗೆ ಬಗ್ಗದ ರಕ್ತಹೀನತೆಯೂ ಇದ್ದು, ಫೆರಿಟಿನ್ ಮಾತ್ರ ಏರಿದ್ದರೆ, ಐರನ್ ಇಂಜೆಕ್ಷನ್ ಕೊಡುವ ಮೊದಲು ಸೆರುಲೋಪ್ಲಾಸ್ಮಿನ್ ರಕ್ತ ಪರೀಕ್ಷೆ ಒಂದು ಮಾಡಿಸಲು ಡಾಕ್ಟರನ್ನು ಕೇಳಿ. ಅಂಥವರಿಗೆ ಕಬ್ಬಿಣ ಕೊಟ್ಟರೆ ಗೋದಾಮಿಗೆ ಇನ್ನಷ್ಟು ಮಾಲು ಇಳಿಸಿದ ಹಾಗೆ.